ಎತ್ತಿಗಿದ್ದ ಸೋಮವಾರ

ಸೋಮವಾರ ಎತ್ತು ಹೂಡಬಾರದು ಎಂಬ ಕಟ್ಟಳೆ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಉಳಿದಿದೆ, ಎತ್ತು ಉಳಿದಿದ್ದರೆ. ಅದು ಬಸವಣ್ಣನ ವಾರ, ಅಂದು ಹೆಗಲಿಗೆ ನೊಗ ಇಡುವಂತಿಲ್ಲ. ಇದು ಭಕ್ತಿಯಿಂದ ಹುಟ್ಟಿತೋ ಬೇಸಾಯದ ಅನುಭವದಿಂದ ಹುಟ್ಟಿತೋ ಎಂಬ ತರ್ಕ ಇಲ್ಲಿ ಬೇಡ. ಕಟ್ಟಳೆ ಎತ್ತಿನ ಹೆಸರಿನಲ್ಲಿದ್ದರೂ ಅದರ ಫಲದಲ್ಲಿ ಅರ್ಧ ಉಂಡವನು ರೈತ. ಎತ್ತು ಕೊಟ್ಟಿಗೆಯಲ್ಲಿದ್ದ ದಿನ ಅವನ ಸೊಂಟಕ್ಕೂ ಬಿಡುವು. ಉಳಿದ ದಿನಗಳಲ್ಲೂ ಸಾಲಿನ ತುದಿಗೆ ಬಂದಾಗ ಎತ್ತು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಅವನೂ ನಿಲ್ಲುತ್ತಿದ್ದ, ಬಿಸಿಲೇರಿದರೆ ಬಿಚ್ಚಿ ನೆರಳಿಗೆ ಕಟ್ಟಿ ತಾನೂ ಬುತ್ತಿ ಬಿಚ್ಚುತ್ತಿದ್ದ. ಅವನ ಕೆಲಸದ ಮಿತಿಯನ್ನು ಇನ್ನೊಂದು ಜೀವದ ದಣಿವು ಗೊತ್ತುಮಾಡುತ್ತಿತ್ತು. ಟ್ರ್ಯಾಕ್ಟರಿಗೆ ವಾರವಿಲ್ಲ, ಪಂಪ್‌ಸೆಟ್ಟಿಗೆ ಹೊತ್ತಿಲ್ಲ. ನಲವತ್ತು ದಾಟಿದ ರೈತನ ಆರೋಗ್ಯದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅವನು ಏನು ತಿನ್ನಬೇಕು, ಏನು ಬಿಡಬೇಕು ಎಂದು ಶುರುಮಾಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದದ್ದು ಬೇರೆ ಇದೆ. ದುಡಿಮೆಯ ಒಳಗೇ ಹೆಣೆದುಕೊಂಡಿದ್ದ ಬಿಡುವು ಕಳೆದ ನಾಲ್ಕೈದು ದಶಕಗಳಲ್ಲಿ ಒಂದೊಂದಾಗಿ ಕಳಚಿಹೋಗಿದೆ. ಮಧ್ಯವಯಸ್ಸಿನ ಸುಸ್ತು, ನೋವು, ರಕ್ತದೊತ್ತಡಗಳಲ್ಲಿ ದೊಡ್ಡ ಪಾಲಿನ ಬೇರು ಅಲ್ಲಿದೆ ಎಂಬುದು ಈ ಲೇಖನದ ವಾದ.

ಹೊಲದಲ್ಲಿ ದುಡಿಯುವವನಿಗೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಪೇಟೆಯಲ್ಲೂ ಇದೆ, ಹಳ್ಳಿಯಲ್ಲೂ ಇದೆ. ಅದಕ್ಕೆ ಸ್ವಲ್ಪ ಆಧಾರವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ 1,13,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಗರದಲ್ಲಿ ಶೇ. 16.4ರಷ್ಟು ವಯಸ್ಕರಿಗೆ ಸಕ್ಕರೆ ಕಾಯಿಲೆ, ಹಳ್ಳಿಯಲ್ಲಿ ಶೇ. 8.9. ಹೆಚ್ಚುಕಡಿಮೆ ಅರ್ಧ. ಇಲ್ಲಿಗೇ ಓದುವುದನ್ನು ನಿಲ್ಲಿಸಿದರೆ ಹಳ್ಳಿ ಗೆದ್ದಂತೆ. ಆದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಲೆಕ್ಕವೂ ಅದೇ ಅಧ್ಯಯನದಲ್ಲಿದೆ: ನಗರದಲ್ಲಿ ಶೇ. 15.4, ಹಳ್ಳಿಯಲ್ಲಿ ಶೇ. 15.2. ಅಂತರ ಮಾಯ. ಒಂದು ತಲೆಮಾರು ಮುಂದಿರುವುದಷ್ಟೇ ನಗರದ ವ್ಯತ್ಯಾಸ ಎಂದು ಇದನ್ನು ಓದಬಹುದು. ರಕ್ತದೊತ್ತಡವೂ ಪೇಟೆಯವರ ಸ್ವತ್ತಾಗಿ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಳ್ಳಿ ಪೇಟೆ ಎರಡೂ ಸೇರಿ, ದೇಶದ ಹದಿನೈದು ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ ಒತ್ತಡ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದರು. ಹಳ್ಳಿಯವರೆಲ್ಲ ರೈತರಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪ ಸರಿಯೇ. ಅದರ ಜೊತೆಗೆ ಇನ್ನೊಂದನ್ನೂ ಎಣಿಸಬೇಕು. ಎಪ್ಪತ್ತರ ಅಜ್ಜ ಇನ್ನೂ ಸನಿಕೆ ಹಿಡಿದಿದ್ದಾನೆ ನೋಡಿ ಎಂದು ತೋರಿಸುವಾಗ, ಐವತ್ತಕ್ಕೇ ಸೊಂಟ ಬಿದ್ದು ಜಗಲಿ ಹಿಡಿದವನು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೊಲದಲ್ಲಿ ಕಾಣುವವರು ಹೊಲದಲ್ಲಿ ಉಳಿಯಲು ಶಕ್ತರಾದವರು. ಅವರನ್ನು ನೋಡಿ ಹೊಲವೇ ಶಕ್ತಿ ಕೊಟ್ಟಿತೆಂದು ಹೇಳಲಾಗದು.

ದುಡಿಮೆಯೇ ವ್ಯಾಯಾಮ ಎಂಬ ಮಾತನ್ನು ಈ ಇಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳು ಸಾಕಷ್ಟು ಒರೆಗೆ ಹಚ್ಚಿದ್ದಾರೆ. ಡೆನ್ಮಾರ್ಕಿನ ಆಂದ್ರೆಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2021ರಲ್ಲಿ ಪ್ರಕಟಿಸಿದ ಲೇಖನ ಇಂಥ ಅಧ್ಯಯನಗಳಲ್ಲಿ ಹೆಚ್ಚು ಚರ್ಚೆಯಾದದ್ದು. ಬಿಡುವಿನ ವೇಳೆಯಲ್ಲಿ ಓಡಾಡುವವರಿಗೆ ಹೃದಯದ ಕಾಯಿಲೆ ಕಡಿಮೆ, ಕೂಲಿಗಾಗಿ ಮೈಮುರಿದು ದುಡಿಯುವವರಿಗೆ ಹೆಚ್ಚು ಎಂದು ಅವರು ಕಂಡರು. ಬಡತನ, ಬೀಡಿ, ಕುಡಿತಗಳ ಲೆಕ್ಕ ಕಳೆದ ಮೇಲೂ ಈ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ಅವರು ಕೊಡುವ ಕಾರಣ ನಮ್ಮ ಹೊಲಕ್ಕೂ ಹೊಂದುತ್ತದೆ. ವ್ಯಾಯಾಮ ಅರ್ಧ ಮುಕ್ಕಾಲು ಗಂಟೆಯದು, ನಾಡಿ ಏರಿ ಇಳಿಯುತ್ತದೆ, ಆಮೇಲೆ ದೇಹಕ್ಕೆ ಸುಧಾರಿಸಿಕೊಳ್ಳಲು ಪುರಸೊತ್ತು ಸಿಗುತ್ತದೆ. ಹೊಟ್ಟೆಪಾಡಿನ ದುಡಿಮೆ ಎಂಟು ಹತ್ತು ಗಂಟೆಯದು. ಅದರಲ್ಲಿ ಎತ್ತುವುದು, ಹೊರುವುದು, ಬಗ್ಗಿ ನಿಲ್ಲುವುದು ಹೆಚ್ಚು. ನಾಡಿಯೂ ಒತ್ತಡವೂ ದಿನವಿಡೀ ಸ್ವಲ್ಪ ಮೇಲೆಯೇ ಇರುತ್ತವೆ. ಬೆಳಗ್ಗೆ ಮತ್ತೆ ಅದೇ.

ಔಷಧಿ ಹೊಡೆಯುವವನನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆನ್ನಿಗೆ ಹದಿನಾರು ಲೀಟರ್ ಹಿಡಿಸುವ ಕ್ಯಾನು, ತುಂಬಿದಾಗ ಒಟ್ಟು ಇಪ್ಪತ್ತು ಕಿಲೋ ಹತ್ತಿರ. ಪಟ್ಟಿ ಎರಡೂ ಹೆಗಲನ್ನು ಕೊರೆಯುತ್ತದೆ. ಎಡಗೈ ಹಿಡಿಕೆಯನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತಿರಬೇಕು, ಬಲಗೈ ಗನ್ನು ಹಿಡಿದಿರಬೇಕು, ಕಾಲು ತೊಗರಿ ಸಾಲಿನ ಹೆಂಟೆಗಳ ಮೇಲೆ ಸಮತೋಲ ನೋಡಿಕೊಳ್ಳಬೇಕು. ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದಿ ಮತ್ತೆ ತಿರುಪುತ್ತಾನೆ. ದಿನಕ್ಕೆ ಹತ್ತು ಹದಿನೈದು ಕ್ಯಾನು. ಇದರಲ್ಲಿ ಒಂದು ತೋಳು ನೂರಾರು ಸಲ ಅದೇ ಕೆಲಸ ಮಾಡಿತು, ಸೊಂಟ ದಿನವಿಡೀ ಭಾರ ತಡೆದು ನಿಂತಿತು, ಶ್ವಾಸಕೋಶಕ್ಕೆ ಬೇಡದ್ದು ಹೋಯಿತು. ಇದನ್ನು ವ್ಯಾಯಾಮ ಎಂದು ಕರೆಯಲು ಮನಸ್ಸು ಬರುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುತ್ತಲೇ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತದ್ದು ದೊಡ್ಡ ಸುದ್ದಿಯಾಯಿತು. ಸಾಯದೆ ತಲೆನೋವು, ಕಣ್ಣುರಿ, ಓಕರಿಕೆಗಳನ್ನು ಸಂಜೆಯ ಸುಸ್ತಿನ ಲೆಕ್ಕಕ್ಕೆ ಹಾಕಿಕೊಂಡವರದು ಸುದ್ದಿಯಾಗುವುದಿಲ್ಲ.

ಇದಕ್ಕೆ ಗಟ್ಟಿಯಾದ ಪ್ರತಿವಾದ ದಕ್ಷಿಣ ಅಮೆರಿಕದಿಂದ ಬರುತ್ತದೆ. ಬೊಲಿವಿಯದ ಕಾಡಂಚಿನಲ್ಲಿ ಬೇಸಾಯ, ಬೇಟೆ, ಮೀನುಗಾರಿಕೆ ಮಾಡಿಕೊಂಡಿರುವ ತ್ಸಿಮಾನೆ ಜನರ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದವರು 2017ರಲ್ಲಿ ಪ್ರಕಟಿಸಿದಂತೆ, ನಲವತ್ತು ದಾಟಿದವರಲ್ಲೂ ನೂರಕ್ಕೆ ಎಂಬತ್ತೈದು ಮಂದಿಯ ನಾಳಗಳಲ್ಲಿ ಸುಣ್ಣ ಕಟ್ಟಿರಲಿಲ್ಲ. ಅಷ್ಟು ಸ್ವಚ್ಛ ರಕ್ತನಾಳ ಬೇರೆಲ್ಲೂ ದಾಖಲಾಗಿರಲಿಲ್ಲ. ಹಾಗಾದರೆ ದುಡಿಮೆ ಒಳ್ಳೆಯದೇ ಅಲ್ಲವೇ? ಒಳ್ಳೆಯದೇ, ಆದರೆ ಅವರ ದುಡಿಮೆಯ ಬಗೆ ಯಾವುದು ಎಂದೂ ಕೇಳಬೇಕು. ದಿನದಲ್ಲಿ ಗಂಟೆಗಟ್ಟಲೆ ನಡಿಗೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಾಟ, ಗಡುವಿಲ್ಲದ ಗತಿ, ಹೊಟ್ಟು ತೆಗೆಯದ ಆಹಾರ. ಎತ್ತಿನ ಕಾಲದ ನಮ್ಮ ಬೇಸಾಯ ಇದಕ್ಕೆ ಹತ್ತಿರವಿತ್ತು. ಒಂದು ಲೆಕ್ಕ ಹಾಕಿ ನೋಡಬಹುದು: ಅರ್ಧ ಅಡಿ ಅಂತರದ ಸಾಲಿನಲ್ಲಿ ಒಂದು ಎಕರೆ ಉತ್ತು ಮುಗಿಸುವಷ್ಟರಲ್ಲಿ ನೇಗಿಲ ಹಿಂದೆ ನಡೆದವನು ಇಪ್ಪತ್ತಾರು ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತಾನೆ, ಅದೂ ಎತ್ತಿನ ಹೆಜ್ಜೆಯ ನಿಧಾನದಲ್ಲಿ, ಎರಡು ಮೂರು ದಿನಕ್ಕೆ ಹಂಚಿಕೊಂಡು. ಇವತ್ತು ಅದೇ ಎಕರೆಯನ್ನು ಬಾಡಿಗೆ ಟ್ರ್ಯಾಕ್ಟರು ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ, ಮಾಲೀಕ ಬದುವಿನ ಮೇಲೆ ನಿಂತು ನೋಡುತ್ತಾನೆ. ಯಂತ್ರ ಕಸಿದುಕೊಂಡದ್ದು ನಡಿಗೆಯನ್ನು. ಮೂಟೆ ಹೊರುವುದು, ಬಗ್ಗಿ ಕಳೆ ಕೀಳುವುದು, ಕ್ಯಾನು ಹೊತ್ತು ಔಷಧಿ ಹೊಡೆಯುವುದು ಇವನ್ನೆಲ್ಲ ಅದು ಮನುಷ್ಯನ ಪಾಲಿಗೇ ಬಿಟ್ಟಿತು. ಮೈಗೆ ಒಳ್ಳೆಯದಾಗಿದ್ದ ಭಾಗ ಹೋಗಿ ಮೈ ಮುರಿಯುವ ಭಾಗ ಉಳಿಯಿತು. ಟ್ರ್ಯಾಕ್ಟರನ್ನೇ ಓಡಿಸುವವನಿಗಾದರೋ ಸೀಟಿನ ಅದುರು ದಿನವಿಡೀ ಬೆನ್ನುಮೂಳೆಗೆ. ಟಿಲ್ಲರ್ ಹಿಡಿದವನಿಗೆ ಅದು ಮುಂಗೈಗೆ.

ನಲವತ್ತರ ನಂತರ ಇದು ಯಾಕೆ ತಟ್ಟುತ್ತದೆ ಎಂಬುದಕ್ಕೆ ದೇಹದ ಕಡೆಯಿಂದಲೂ ಕಾರಣವಿದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಮೂಟೆ ಮಾತ್ರ ಕರಗುವುದಿಲ್ಲ. ವಯಸ್ಕ ಗಂಡಸು ಕೈಯಿಂದ ಎತ್ತುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ಭತ್ತದ ಮೂಟೆ ಎಪ್ಪತ್ತೈದು ಕಿಲೋ. ಯೂರಿಯಾ ಚೀಲ 2018ರಲ್ಲಿ 50 ಕಿಲೋದಿಂದ 45ಕ್ಕೆ ಇಳಿಯಿತು. ರೈತನ ಬೆನ್ನು ನೋಡಿ ಇಳಿಸಿದ್ದಲ್ಲ, ಗೊಬ್ಬರ ಉಳಿಸಲು. ಆದರೂ ಬೆನ್ನಿಗೆ ಐದು ಕಿಲೋ ಲಾಭ. ಧಾನ್ಯದ ಮೂಟೆಗೂ ಇದೇ ಭಾಗ್ಯ ಬರಬಾರದೆಂದೇನಿಲ್ಲ. ಎಲ್ಲ ಕೀಲುನೋವೂ ವಯಸ್ಸಿನದೋ ಭಾರದ್ದೋ ಅಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ ಒಂದು ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ ಎಂಬ ಮಿತಿ ಇದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿ ಬಿಗಿಯುತ್ತವೆ. ಬಿಸಿಲಲ್ಲಿ ದುಡಿಯುವವನು ಹೆಚ್ಚು ನೀರು ಕುಡಿಯುತ್ತಾನಾದ್ದರಿಂದ ಅವನಿಗೆ ಪಾಲೂ ಹೆಚ್ಚು. ಅಂಥವನಿಗೆ ನೋವಿನ ಎಣ್ಣೆಗಿಂತ ಮೊದಲು ಬೇಕಾದದ್ದು ನೀರಿನ ಪರೀಕ್ಷೆ.

ಊಟದ ವಿಷಯದಲ್ಲಿ ಈಗ ಸಿರಿಧಾನ್ಯದ ಜಯಘೋಷ ಜೋರಾಗಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ರಾಗಿ, ನವಣೆಗಳಿಗೆ ಔಷಧಿಯ ಪಟ್ಟ ಸಿಕ್ಕಿದೆ. ರಾಗಿಯ ಗುಣ ಸುಳ್ಳಲ್ಲ, ನೂರು ಗ್ರಾಮಿಗೆ ಮುನ್ನೂರೈವತ್ತು ಮಿಲಿಗ್ರಾಮಿನ ಆಸುಪಾಸು ಸುಣ್ಣದಂಶ ಬೇರೆ ಯಾವ ಧಾನ್ಯದಲ್ಲೂ ಇಲ್ಲ. ಆದರೆ ಮುದ್ದೆಯೂ ಹೆಚ್ಚಿನ ಮಟ್ಟಿಗೆ ಪಿಷ್ಟವೇ. ಲೆಕ್ಕ ತಪ್ಪುತ್ತಿರುವುದು ಅಳತೆಯಲ್ಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯಂತೆ ಮೈಮುರಿದು ದುಡಿಯುವ ಗಂಡಸಿಗೆ ದಿನಕ್ಕೆ 3,470 ಕ್ಯಾಲರಿ ಬೇಕು, ಮಧ್ಯಮ ದುಡಿಮೆಗೆ 2,710, ಕೂತು ಕೆಲಸ ಮಾಡುವವನಿಗೆ 2,110. ನಾಟಿ, ಕೊಯ್ಲಿನ ವಾರಗಳಲ್ಲಿ ರೈತ ಮೊದಲನೆಯ ಸಾಲಿನವನು. ಫೆಬ್ರವರಿ, ಮಾರ್ಚಿನಲ್ಲಿ ಬೈಕಿನ ಮೇಲೆ ತಾಲ್ಲೂಕು ಕಚೇರಿ, ಬ್ಯಾಂಕು, ಎಪಿಎಂಸಿ ಸುತ್ತುವಾಗ ಅವನು ಮೂರನೆಯ ಸಾಲಿನವನು. ತಟ್ಟೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ದಿನಕ್ಕೆ ಸಾವಿರಕ್ಕೂ ಮೀರಿದ ಈ ಅಂತರ ಹೊಟ್ಟೆಯ ಸುತ್ತ ಕೂರುತ್ತದೆ. ಅನ್ನಭಾಗ್ಯದ ಅಕ್ಕಿಯಿಂದಲೇ ಸಕ್ಕರೆ ಕಾಯಿಲೆ ಬಂತು ಎಂದು ದೂರುವವರಿದ್ದಾರೆ. ಹಸಿವಿನ ನೆನಪಿಲ್ಲದವರು ಮಾತ್ರ ಅಷ್ಟು ಸುಲಭವಾಗಿ ಹೇಳಬಹುದಾದ ಮಾತದು. ದೂರಬೇಕಾದದ್ದು ಅನ್ನದ ಪಕ್ಕದಲ್ಲಿದ್ದ ಕಾಳು ಹೋದದ್ದನ್ನು. ಹುರುಳಿಕಟ್ಟಿನ ಸಾರು, ಅವರೆ, ಅಲಸಂದೆ, ಮೊಳಕೆ ಕಾಳಿನ ಪಲ್ಯ ವಾರದ ಊಟದಿಂದ ಹಬ್ಬದ ಊಟಕ್ಕೆ ಸರಿದಿವೆ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಎಂದು ಅದೇ ಪಟ್ಟಿ ಹೇಳುವ ಪ್ರೊಟೀನು ಕರಗುವ ಸ್ನಾಯುವಿಗೆ ಕನಿಷ್ಠ ಬೇಕು. ಡೇರಿಗೆ ಹಾಲು ಹಾಕಿ ಮನೆಗೆ ಲೋಟದಷ್ಟು ಉಳಿಸಿಕೊಳ್ಳುವ ಮನೆಯಲ್ಲಿ ಅದಕ್ಕೂ ಕತ್ತರಿ. ಉಪ್ಪಿನ ಮಾತು ಬಂದರೆ, ಬೆವರು ಸುರಿಸುವವನಿಗೆ ಉಪ್ಪು ಬೇಕಲ್ಲ ಎಂಬ ಉತ್ತರ ತಯಾರಿರುತ್ತದೆ. ಸುಗ್ಗಿಯಲ್ಲಿ ಸರಿ, ಆದರೆ ಬೆವರಿಲ್ಲದ ತಿಂಗಳಲ್ಲೂ ಉಪ್ಪಿನಕಾಯಿ ಅಷ್ಟೇ ಇರುತ್ತದೆ. ಹೊಗೆಸೊಪ್ಪು, ಬೀಡಿಯ ಬಗ್ಗೆ ಹೊಸದಾಗಿ ಹೇಳಲು ಏನೂ ಇಲ್ಲ. ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದು ಬೆಳೆಗಾರರ ಸೀಮೆಯಲ್ಲಿ ಕೇಳಲು ಕಷ್ಟವಾದರೂ ನಿಜ.

ಬಿಡುವು ಕಳಚಿಹೋದದ್ದು ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ನಿದ್ದೆಯಲ್ಲಿ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಎಂಬುದು ರಾಜ್ಯದ ಲೆಕ್ಕ. ಆ ಏಳು ಗಂಟೆಯಲ್ಲಿ ಒಂದು ಪಾಲು ಎಷ್ಟೋ ಕಡೆ ರಾತ್ರಿ ಬರುತ್ತದೆ. ಒಂದೂವರೆಗೆ ಕರೆಂಟು ಬಂದರೆ ಎದ್ದು, ಟಾರ್ಚು ಹಿಡಿದು, ಬದುವಿನ ಮೇಲೆ ನಡೆದು, ಒಂದು ಮಡಿ ತುಂಬಿದ ಮೇಲೆ ಕಟ್ಟೆ ಒಡೆದು ಇನ್ನೊಂದಕ್ಕೆ ನೀರು ತಿರುಗಿಸಬೇಕು. ಬೆಳಗ್ಗೆ ಆರಕ್ಕೆ ಹಾಲು ಕರೆಯಬೇಕು. ಮಧ್ಯವಯಸ್ಸಿನಲ್ಲಿ ನಿದ್ದೆ ಹೀಗೆ ಒಡೆಯುತ್ತಾ ಹೋದರೆ ರಕ್ತದೊತ್ತಡ, ಸಕ್ಕರೆ ಎರಡೂ ಏರುತ್ತವೆ ಎಂಬುದನ್ನು ಕಾರ್ಖಾನೆಯ ರಾತ್ರಿಪಾಳಿಯವರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಕಾರ್ಖಾನೆಯವನಿಗೆ ಪಾಳಿ ಬದಲಾಗುತ್ತದೆ, ಭತ್ಯೆ ಇರುತ್ತದೆ. ರೈತನಿಗೆ ಇವೆರಡೂ ಇಲ್ಲ, ಬದಲಿಗೆ ಕೊಳಕುಮಂಡಲ ಇದೆ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜಿದೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ ಘೋಷಿಸಿದ್ದು 2024ರಲ್ಲಿ. ಹೀಗಿರುವಾಗ ಬೇಗ ಮಲಗಿ, ಎಂಟು ಗಂಟೆ ನಿದ್ದೆ ಮಾಡಿ ಎಂದು ರೈತನಿಗೆ ಬುದ್ಧಿ ಹೇಳುವುದು ಕ್ರೂರ ಹಾಸ್ಯ. ಅವನ ನಿದ್ದೆಯ ಕೀಲಿ ಸಬ್‌ಸ್ಟೇಷನ್ನಿನಲ್ಲಿದೆ. ಕೃಷಿ ಫೀಡರುಗಳಿಗೆ ಸೌರ ವಿದ್ಯುತ್ ಜೋಡಿಸುವ ಕುಸುಮ್ ಯೋಜನೆಯನ್ನು ಎಲ್ಲರೂ ಸಬ್ಸಿಡಿಯ ಭಾರ ಇಳಿಸುವ ದಾರಿಯೆಂದೇ ಚರ್ಚಿಸುತ್ತಾರೆ. ಬಿಸಿಲಿದ್ದಾಗಲೇ ನೀರು ಹಾಯಿಸುವಂತಾದರೆ ಅದು ಈ ದಶಕದ ದೊಡ್ಡ ಆರೋಗ್ಯ ಕಾರ್ಯಕ್ರಮವೂ ಆದೀತು.

ಬಿಸಿಲಿನದೂ ಇದೇ ಕಥೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲದ, ಒತ್ತಡವೂ ಇಲ್ಲದ ನಡುವಯಸ್ಸಿನ ಕೂಲಿಗಳ ಮೂತ್ರಪಿಂಡ ಸೋಲುತ್ತಿರುವುದು ಎರಡು ದಶಕಗಳಿಂದ ಚರ್ಚೆಯಲ್ಲಿದೆ. ಕಾರಣ ಪೂರ್ತಿ ಇತ್ಯರ್ಥವಾಗದಿದ್ದರೂ, ಸುಡು ಬಿಸಿಲಿನಲ್ಲಿ ನೀರು ಬತ್ತಿದ ಮೈಯಲ್ಲಿ ದುಡಿಯುವುದು ಮುಖ್ಯ ಆರೋಪಿ. ಅಲ್ಲಿ ಕಂಡುಕೊಂಡ ಉಪಾಯ ಸರಳ: ನೀರು, ನೆರಳು, ಗೊತ್ತಾದ ಹೊತ್ತಿಗೆ ವಿರಾಮ. ಆ ಪದ್ಧತಿ ತಂದ ಕಡೆ ಮೂತ್ರಪಿಂಡದ ಹಾನಿ ಇಳಿಯಿತು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲೂ ಇಂಥದೇ ಗೂಢ ಕಾಯಿಲೆ ರೈತರನ್ನು ಕಾಡುತ್ತಿದೆ. ನಮ್ಮಲ್ಲಿ ಎತ್ತು ಬಿಚ್ಚುವ ಹೊತ್ತು ಇದ್ದಾಗ ಈ ವಿರಾಮಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಟನ್ನಿನ ಲೆಕ್ಕದಲ್ಲಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ನೆರಳಿಗೆ ಕೂತ ಗಂಟೆ ಕೂಲಿಯಿಂದ ಕಳೆದುಹೋಗುತ್ತದೆ.

ಇಷ್ಟು ಹೊತ್ತೂ ರೈತ ಎಂದು ಬರೆಯುವಾಗ ಕಣ್ಣ ಮುಂದೆ ಗಂಡಸೇ ನಿಂತದ್ದು ಈ ಲೇಖನದ್ದೂ ತಪ್ಪೇ. ಸೋಮವಾರದ ಬಿಡುವು ಹೆಂಗಸಿಗೆ ಯಾವತ್ತೂ ಇರಲಿಲ್ಲ. ಎತ್ತು ಕೊಟ್ಟಿಗೆಯಲ್ಲಿದ್ದರೆ ಅದರ ಸಗಣಿ ಬಾಚುವವಳು, ಮೇವು ಹಾಕುವವಳು ಅವಳೇ. ಯಂತ್ರ ಬಂದದ್ದು ಉಳುಮೆಗೆ, ಒಕ್ಕಣೆಗೆ, ಅಂದರೆ ಹೆಚ್ಚಾಗಿ ಗಂಡಸಿನ ಕೆಲಸಕ್ಕೆ. ನಾಟಿ, ಕಳೆ, ಹತ್ತಿ ಬಿಡಿಸುವುದು ಬಗ್ಗಿದ ಸೊಂಟದ ಮೇಲೇ ಉಳಿದವು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೂಳೆಯೂ ಸವೆಯತೊಡಗುತ್ತದೆ. ಅವಳು ಸುಸ್ತು ಎಂದರೆ ಅದು ಸೋಮಾರಿತನವಲ್ಲ, ರಕ್ತದ ಲೆಕ್ಕ. ನಿಂತೇ ಕಳೆ ತೆಗೆಯುವ ಉದ್ದ ಹಿಡಿಯ ಸಾಧನಗಳು ಕೃಷಿ ವಿಶ್ವವಿದ್ಯಾಲಯಗಳ ಮೇಳದಲ್ಲಿ ಸಿಗುತ್ತವೆ. ಮನೆಯಲ್ಲಿ ಸಬ್ಸಿಡಿ ಅರ್ಜಿ ಹಾಕುವವನು ಕಳೆ ಕೀಳುವವನಲ್ಲವಾದ್ದರಿಂದ ಅವು ಮನೆಗೆ ಬರುವುದು ತಡ.

ಬಿಡುವಿನ ಮಾತೆತ್ತಿದರೆ ಎದುರಾಗುವ ಕಟು ಪ್ರಶ್ನೆ ಒಂದಿದೆ. ಎರಡು ಎಕರೆ, ಮೂರು ಸಾಲ, ಓದುವ ಮಕ್ಕಳು ಇರುವವನು ಬಿಡುವು ಮಾಡಿಕೊಂಡರೆ ಕಂತು ಕಟ್ಟುವವರು ಯಾರು? 2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ, ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಇಂಥ ಒತ್ತಡದಲ್ಲಿರುವವನಿಗೆ ಧ್ಯಾನ ಮಾಡು ಎನ್ನುವುದು ಸುಲಭ. ಆಕ್ಷೇಪದಲ್ಲಿ ತಿರುಳಿದೆ. ಆದರೆ ಅದು ಒಂದು ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೀಜ, ಗೊಬ್ಬರ, ಡೀಸೆಲ್ ಬರೆದಿಡುವ ಪುಸ್ತಕದಲ್ಲಿ ಮನೆಯವರ ಮೈ ಸವೆತಕ್ಕೆ ಅಂಕಣವಿಲ್ಲ. ನಲವತ್ತೆಂಟಕ್ಕೆ ಬೆನ್ನುಮೂಳೆಯ ಆಪರೇಷನ್ ಆದರೆ ಆ ವರ್ಷದ ಬೆಳೆಯಲ್ಲಿ ಆಳಿನ ಖರ್ಚು ಎಷ್ಟು ಏರುತ್ತದೆಂಬುದು ಮನೆಯವರಿಗೆ ಗೊತ್ತು. ಇದಕ್ಕೆ ಉತ್ತರ ಒಬ್ಬೊಬ್ಬನ ಶಿಸ್ತಿನಲ್ಲಿ ಸಿಗುವುದಿಲ್ಲ. ಒಬ್ಬನೇ ಮಾಡುವ ಕಡೆ ಬಿಡುವಿಲ್ಲ, ಹತ್ತು ಮನೆ ಸೇರಿ ಮಾಡುವ ಕಡೆ ಇದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ಮುಯ್ಯಾಳಿನ ಪದ್ಧತಿಯಲ್ಲಿ ಅದಿತ್ತು. ಈಗಲೂ ನಾಲ್ಕು ಮನೆ ಸೇರಿ ನೀರು ಹಾಯಿಸುವ ರಾತ್ರಿಗಳನ್ನು ಸರದಿಗೆ ಹಂಚಿಕೊಂಡರೆ ಒಬ್ಬೊಬ್ಬನಿಗೆ ವಾರದಲ್ಲಿ ಐದು ರಾತ್ರಿ ಇಡೀ ನಿದ್ದೆ.

ಸರ್ಕಾರದ ಕಡೆಯಿಂದ ಇರುವುದು ಬಹುಪಾಲು ರಿಪೇರಿಯ ಯೋಜನೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ದೇಶಕ್ಕೇ ಮಾದರಿಯೆನಿಸಿತು, ನಡುವೆ ನಿಂತು ಮತ್ತೆ ಜೀವ ಪಡೆಯಿತು. ಅದರ ಒತ್ತು ಶಸ್ತ್ರಚಿಕಿತ್ಸೆಯ ಮೇಲೆ. ಅಂದರೆ ಮೈ ಕೆಟ್ಟ ಮೇಲೆ. ಕೆಡುವ ಮೊದಲು ನೋಡುವ ವ್ಯವಸ್ಥೆಯೂ ಕಾಗದದಲ್ಲಿದೆ, ಮೂವತ್ತು ದಾಟಿದವರಿಗೆಲ್ಲ ಉಪಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಉಚಿತ. ಉಪಕೇಂದ್ರ ತೆರೆದಿರುವ ಹೊತ್ತಿಗೆ ರೈತ ಹೊಲದಲ್ಲಿರುತ್ತಾನೆ, ಅಷ್ಟೇ ತೊಡಕು. ಅವನು ತಪ್ಪದೆ ಬರುವ ಜಾಗ ಬೇರೆ ಇದೆ. ರಾಜ್ಯದಲ್ಲಿ ಸಾವಿರಾರು ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಬೆಳಗ್ಗೆ ಆರರ ಸುಮಾರಿಗೆ, ಸಂಜೆ ಮತ್ತೊಮ್ಮೆ, ನಲವತ್ತು ಐವತ್ತರ ಗಂಡಸರು ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಕಾರ್ಯದರ್ಶಿ ಹಾಲಿನ ಮಾದರಿ ತೆಗೆದು ಯಂತ್ರಕ್ಕೆ ಹಾಕುತ್ತಾನೆ, ಫ್ಯಾಟು, ಎಸ್‌ಎನ್‌ಎಫ್ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಆ ಮೇಜಿನ ಪಕ್ಕದಲ್ಲಿ ತಿಂಗಳಿಗೊಂದು ದಿನ ಬಿಪಿ ಯಂತ್ರವನ್ನಿಟ್ಟು ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಕೂರಿಸಿದರೆ, ಹಾಲಿನ ಚೀಟಿ ಕೈಗೆ ಬರುವಷ್ಟರಲ್ಲಿ ಇನ್ನೊಂದು ಚೀಟಿಯೂ ಬಂದಿರುತ್ತದೆ.